ಶಿವಮೊಗ್ಗದಿಂದ ಹುಬ್ಬಳ್ಳಿಗೆ ವಿಮಾನದಲ್ಲಿ 43 ನಿಮಿಷ ಅಂತ ವೆಬ್‌ಸೈಟು ತೋರಿಸುತ್ತದೆ, ನಂಬಬಹುದಾ?

ನಿಮ್ಮ ಅಣ್ಣ ಹೈದರಾಬಾದಿನಿಂದ ಶಿವಮೊಗ್ಗಕ್ಕೆ ಬಂದಿಳಿದು, ಅದೇ ದಿನ ಹುಬ್ಬಳ್ಳಿಯಿಂದ ಇನ್ನೊಂದು ವಿಮಾನ ಹಿಡಿಯಬೇಕು, ನಡುವೆ ದಾವಣಗೆರೆಯಲ್ಲಿ ನಿಮ್ಮನ್ನೂ ನೋಡಿಕೊಂಡು ಹೋಗಬೇಕು ಅಂದಿದ್ದೀರಿ. ಎರಡು ಏರ್‌ಪೋರ್ಟ್‌ಗಳ ದೂರ ಎಷ್ಟು, ಹೊತ್ತು ಎಷ್ಟು ಅನ್ನುವುದು ಪ್ರಶ್ನೆ.

ನೇರ ಗೆರೆ ಎಳೆದರೆ ಸುಮಾರು 175 ಕಿ.ಮೀ. ಇದು ಸರಿಯಾಗಿದೆ. ಆದರೆ ಆ 43 ನಿಮಿಷದ ವಿಮಾನ ಮಾತ್ರ ಎಲ್ಲೂ ಇಲ್ಲ. ಶಿವಮೊಗ್ಗದ ಏರ್‌ಪೋರ್ಟ್ ಇರುವ ಸೋಗಾನೆಯಿಂದ ಹುಬ್ಬಳ್ಳಿಗೆ ನೇರವಾಗಿ ಯಾರೂ ಹಾರಿಸುವುದಿಲ್ಲ. ದೂರ ತೋರಿಸುವ ವೆಬ್‌ಸೈಟುಗಳು ಟೈಮ್‌ಟೇಬಲ್ ನೋಡುವುದಿಲ್ಲ, ಸುಮ್ನೆ ಲೆಕ್ಕ ಹಾಕುತ್ತವೆ. ದೂರವನ್ನು ಗಂಟೆಗೆ 800 ಕಿ.ಮೀ.ನಿಂದ ಭಾಗಿಸಿದರೆ 13 ನಿಮಿಷ. ಏರೋದಕ್ಕೆ, ಇಳಿಯೋದಕ್ಕೆ ಅಂತ ಅರ್ಧ ಗಂಟೆ ಸೇರಿಸಿದರೆ 43. ಅಷ್ಟೇ.

ಇಷ್ಟು ಹತ್ತಿರದ ಊರುಗಳ ಮಧ್ಯೆ ಹಾರುವುದಿದ್ದರೂ ಅದು ಹೆಚ್ಚಾಗಿ ಎಟಿಆರ್ ಆಗಿರುತ್ತದೆ. ರೆಕ್ಕೆಯ ಮೇಲೆ ಪ್ರೊಪೆಲ್ಲರ್ ತಿರುಗುವ, ಎಪ್ಪತ್ತು ಚಿಲ್ಲರೆ ಸೀಟಿನ ವಿಮಾನ. ಅದರ ವೇಗವೇ ಗಂಟೆಗೆ 500 ಕಿ.ಮೀ. ಆಸುಪಾಸು. ಆ ವೇಗವೂ ಪೂರ್ತಿ ಏರಿದ ಮೇಲಷ್ಟೇ. ಟಿಕೆಟ್ಟಿನಲ್ಲಿ ಬರೆಯುವ ಹೊತ್ತು ವಿಮಾನ ನಿಂತ ಜಾಗದಿಂದ ಅಲುಗಾಡಿದಾಗ ಶುರುವಾಗಿ, ಇನ್ನೊಂದು ಕಡೆ ಬಂದು ನಿಂತಾಗ ಮುಗಿಯುತ್ತದೆ. ಅದಕ್ಕೇ ಶಿವಮೊಗ್ಗ–ಬೆಂಗಳೂರು ಬರೀ 240 ಕಿ.ಮೀ. ಇದ್ದರೂ ಟಿಕೆಟ್ಟಿನಲ್ಲಿ ಹತ್ತತ್ತಿರ ಒಂದು ಗಂಟೆ ಅಥವಾ ಸ್ವಲ್ಪ ಜಾಸ್ತಿಯೇ ಇರುತ್ತದೆ.

ಬುಕಿಂಗ್ ಆ್ಯಪ್‌ಗಳು ಬೆಂಗಳೂರಿನ ಮೇಲೆ ಹೋಗುವ ದಾರಿ ತೋರಿಸಬಹುದು. ಆ ಕಡೆಗೆ 240, ಅಲ್ಲಿಂದ ಹುಬ್ಬಳ್ಳಿಗೆ ಮತ್ತೆ 370. ಒಟ್ಟು 610 ಕಿ.ಮೀ., ಜೊತೆಗೆ ದೇವನಹಳ್ಳಿಯಲ್ಲಿ ಕಾಯುವುದು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ. ದಾವಣಗೆರೆಯಂತೂ ದಾರಿಯಲ್ಲೇ ಸಿಗುವುದಿಲ್ಲ!

ರಸ್ತೆಯಲ್ಲೇ ಕರೆಸಿಕೊಳ್ಳಿ. ಸೋಗಾನೆಯಿಂದ ಹೊನ್ನಾಳಿ ಮೇಲೆ ದಾವಣಗೆರೆಗೆ ನೂರು ಕಿ.ಮೀ. ಆಸುಪಾಸು, ಎರಡರಿಂದ ಎರಡೂವರೆ ಗಂಟೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಇನ್ನೂ ಸ್ವಲ್ಪ ಹೊತ್ತು ಹಿಡಿಯಬಹುದು. ಅರ್ಧ ರಸ್ತೆಗೆ ಜೋಳ ಹರವಿ, ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಕತ್ತಲಲ್ಲಿ ಆ ಕಲ್ಲು ಕಾಣುವುದಿಲ್ಲ, ಡ್ರೈವರಿಗೆ ಮೊದಲೇ ಹೇಳಿಡಿ. ದಾವಣಗೆರೆಯಿಂದ ಹುಬ್ಬಳ್ಳಿ ಏರ್‌ಪೋರ್ಟಿಗೆ ಸುಮಾರು 150 ಕಿ.ಮೀ. ಹರಿಹರ, ರಾಣೆಬೆನ್ನೂರು, ಹಾವೇರಿ ಮೇಲೆ ಎನ್‌ಎಚ್ 48, ಒಳ್ಳೆ ರಸ್ತೆ. ಎರಡೂವರೆ ಗಂಟೆ ಇಟ್ಟುಕೊಳ್ಳಿ.

ಅಂದರೆ ಬರೀ ಕಾರಿನಲ್ಲಿ ಐದು ಗಂಟೆ. ಹುಬ್ಬಳ್ಳಿಯಲ್ಲಿ ವಿಮಾನ ಹೊರಡುವುದಕ್ಕೆ ಒಂದೂವರೆ ಗಂಟೆ ಮೊದಲು ಇರಬೇಕು. ನಿಮ್ಮ ಮನೆಯಲ್ಲಿ ಒಂದು ಊಟ, ಅರ್ಧ ಗಂಟೆ ಹರಟೆ ಸೇರಿಸಿದರೆ ಎರಡು ವಿಮಾನಗಳ ಮಧ್ಯೆ ಎಂಟು ಗಂಟೆಯಾದರೂ ಬೇಕು. ಎರಡೂ ಬೇರೆ ಬೇರೆ ಟಿಕೆಟ್ ಅಲ್ವಾ? ಮೊದಲನೆಯದು ತಡವಾದರೆ ಎರಡನೆಯವರು ಕಾಯುವುದಿಲ್ಲ. ನನ್ನ ಕೇಳಿದರೆ ಅಣ್ಣನನ್ನು ರಾತ್ರಿ ದಾವಣಗೆರೆಯಲ್ಲೇ ಉಳಿಸಿಕೊಳ್ಳಿ, ಮರುದಿನದ ವಿಮಾನಕ್ಕೆ ಬುಕ್ ಮಾಡಿ. ಬೆಳಗ್ಗೆ ಹುಬ್ಬಳ್ಳಿ ಕಡೆಗೆ ರೈಲುಗಳೂ ಇವೆ. ವಂದೇ ಭಾರತ್ ಕೂಡ ಎರಡೂ ಕಡೆ ನಿಲ್ಲುತ್ತದೆ. ಮಧ್ಯಾಹ್ನದ ಮೇಲಿನ ವಿಮಾನವಾದರೆ ಕಾರಿನ ಖರ್ಚೂ ಉಳಿಯುತ್ತದೆ.