ಕಡೇ ಪರೀಕ್ಷೆಗೆ ಕಾಯಬೇಡಿ: ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಗ್ರೇಡು ಬರುವ ಬಗೆ

ತಂಗೀ, ದಾವಣಗೆರೆಯಲ್ಲಿ ಬಿ.ಕಾಂ. ಓದಿ 74 ಪರ್ಸೆಂಟ್ ತೆಗೆದಿದ್ದೀರಿ. ಫ್ರೀಮಾಂಟ್‌ಗೆ ಬಂದು ನಾಲ್ಕು ತಿಂಗಳಾಗಿದೆ, ಎಚ್-4 ವೀಸಾ (ಎಚ್-1ಬಿಯಲ್ಲಿ ಕೆಲಸ ಮಾಡುವವರ ಮನೆಯವರಿಗೆ ಕೊಡುವುದು). ಕಮ್ಯುನಿಟಿ ಕಾಲೇಜು, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜಿನಲ್ಲಿ ಅಕೌಂಟಿಂಗ್ ತೆಗೆದುಕೊಳ್ಳುವ ಆಸೆ ನಿಮಗೆ. ಹನ್ನೊಂದನೇ ತರಗತಿಯ ಮಗಳಿಗೂ ಅಲ್ಲೇ ಒಂದು ಕೋರ್ಸು ಮಾಡಿಸಿ ಎಂದು ಅವಳ ಶಾಲೆಯ ಕೌನ್ಸೆಲರ್ ಹೇಳಿದ್ದಾರೆ. ಎಲ್ಲರಿಗೂ ಸೀಟು ಕೊಡುವ ಕಾಲೇಜು ಅಂದಮೇಲೆ ಮಟ್ಟ ಕಡಿಮೆಯೇ, ಮಾರ್ಕ್ಸ್ ಹೇಗೆ ಹಾಕುತ್ತಾರೆ, ಫೇಲಾದರೆ ಏನು ಗತಿ ಎಂದು ಕೇಳಿದ್ದೀರಿ.

ಸೀಟು ಎಲ್ಲರಿಗೂ ಸಿಗುತ್ತದೆ, ನಿಜ. ಕ್ಯಾಲಿಫೋರ್ನಿಯಾದಲ್ಲಿ ಇಂಥ 116 ಕಾಲೇಜುಗಳಿವೆ. 18 ತುಂಬಿದ ಯಾರನ್ನೂ ಒಳಗೆ ಬಿಡುವುದು ಅವುಗಳ ಧರ್ಮ. ಆದರೆ ಒಳಗೆ ಬಿಟ್ಟ ಮಾತ್ರಕ್ಕೆ ಪಾಸು ಮಾಡಿ ಕಳಿಸುವುದಿಲ್ಲ. ಅಲ್ಲಿನ ಫೈನಾನ್ಷಿಯಲ್ ಅಕೌಂಟಿಂಗ್ ಕೋರ್ಸನ್ನೇ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ (ಯುಸಿ) ತನ್ನ ಮೊದಲೆರಡು ವರ್ಷದ ಕೋರ್ಸಿಗೆ ಸಮ ಎಂದು ಒಪ್ಪಿಕೊಳ್ಳುತ್ತದೆ. ಹಾಗಾಗಿ ಮಟ್ಟದ ಬಗ್ಗೆ ಅನುಮಾನ ಬೇಡ. ನಮ್ಮವರು ಎಡವುವುದು ಪಾಠದಲ್ಲಲ್ಲ, ತಾರೀಕುಗಳಲ್ಲಿ ಮತ್ತು ವಾರವಾರದ ಸಣ್ಣ ಕೆಲಸಗಳಲ್ಲಿ.

ಮೊದಲು ಅಂಕದ ಲೆಕ್ಕ. ನಿಮ್ಮ 74 ಪರ್ಸೆಂಟ್ ಊರಲ್ಲಿ ಫಸ್ಟ್ ಕ್ಲಾಸು. ಇಲ್ಲಿ ಬಹುತೇಕ ಮೇಷ್ಟರು 90ರ ಮೇಲೆ ಎ, 80ರ ಮೇಲೆ ಬಿ, 70ರ ಮೇಲೆ ಸಿ, 60ರ ಮೇಲೆ ಡಿ, ಅದಕ್ಕಿಂತ ಕೆಳಗೆ ಎಫ್ ಎಂದು ಗೆರೆ ಎಳೆಯುತ್ತಾರೆ. ಅಂದರೆ 74 ಬರೀ ಸಿ. ಇದರಿಂದ ಎದೆಗುಂದಬೇಡಿ, ಇಲ್ಲಿನ ಅಂಕದಲ್ಲಿ ಮನೆಗೆಲಸ, ಕ್ವಿಜ್, ಚರ್ಚೆ ಎಲ್ಲ ಸೇರಿರುವುದರಿಂದ ಕ್ರಮವಾಗಿ ಕೆಲಸ ಮಾಡುವವರಿಗೆ 90 ಮುಟ್ಟುವುದು ಊರಿನಷ್ಟು ಕಷ್ಟವಲ್ಲ. ಈ ಗೆರೆಗಳನ್ನು ಎಳೆಯುವವರು ಆ ಕೋರ್ಸಿನ ಮೇಷ್ಟರೇ, ಕಾಲೇಜಲ್ಲ. ಗ್ರೇಡಿಗೆ ಪ್ಲಸ್-ಮೈನಸ್ ಇರಬೇಕೋ ಬೇಡವೋ ಎಂಬುದು ಮಾತ್ರ ಆಯಾ ಡಿಸ್ಟ್ರಿಕ್ಟಿನ, ಅಂದರೆ ಕಾಲೇಜು ನಡೆಸುವ ಆಡಳಿತದ ತೀರ್ಮಾನ. ಆದರೆ ಸಿ ಮೈನಸ್ ಎನ್ನುವುದು ಈ ರಾಜ್ಯದ ಯಾವ ಕಮ್ಯುನಿಟಿ ಕಾಲೇಜಿನಲ್ಲೂ ಇಲ್ಲ, ನಿಯಮವೇ ಅದನ್ನು ತಡೆದಿದೆ. ಸಿ ಬಂದರೆ ದಡ, ಅದರ ಕೆಳಗೆ ಬಂದರೆ ನೀರು.

ಎಗೆ 4, ಬಿಗೆ 3, ಸಿಗೆ 2, ಡಿಗೆ 1, ಎಫ್‌ಗೆ 0. ಇದನ್ನು ಕೋರ್ಸಿನ ಯೂನಿಟ್‌ನಿಂದ (ಆ ಕೋರ್ಸಿನ ತೂಕ) ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಯೂನಿಟ್‌ನಿಂದ ಭಾಗಿಸಿದರೆ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ. 4 ಯೂನಿಟ್‌ನ ಅಕೌಂಟಿಂಗ್‌ನಲ್ಲಿ ಬಿ, 3 ಯೂನಿಟ್‌ನ ಇಂಗ್ಲಿಷಿನಲ್ಲಿ ಎ, 4 ಯೂನಿಟ್‌ನ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಸಿ ಬಂತೆನ್ನಿ: 12, 12, 8, ಒಟ್ಟು 32, 11ರಿಂದ ಭಾಗಿಸಿದರೆ 2.91. ಒಂದೇ ಒಂದು ಸಿ ಎಷ್ಟು ಕೆಳಗೆ ಎಳೆಯುತ್ತದೆ ನೋಡಿ. 4 ಯೂನಿಟ್‌ನ ಕೋರ್ಸು 3 ಯೂನಿಟ್‌ನದಕ್ಕಿಂತ ಜೋರಾಗಿ ಎಳೆಯುತ್ತದೆ.

ಯೂನಿಟ್ ಅಂದರೆ ಸಮಯದ ಅಳತೆಯೂ ಹೌದು. ಕ್ಲಾಸಿನ ಒಂದು ಗಂಟೆಗೆ ಹೊರಗೆ ಎರಡು ಗಂಟೆ ಓದು ಎಂಬ ಲೆಕ್ಕದಲ್ಲಿ, ಒಂದು ಯೂನಿಟ್‌ಗೆ ಸೆಮಿಸ್ಟರಿಗೆ ಸುಮಾರು 54 ಗಂಟೆ. ನಿಮ್ಮ 4 ಯೂನಿಟ್‌ನ ಅಕೌಂಟಿಂಗ್‌ಗೆ 216 ಗಂಟೆ. 16 ವಾರಕ್ಕೆ ಹಂಚಿದರೆ ವಾರಕ್ಕೆ ಹದಿಮೂರೂವರೆ ಗಂಟೆ. ಬೇಸಿಗೆಯಲ್ಲಿ 6 ವಾರಕ್ಕೆ ಅದೇ ಕೋರ್ಸು ತೆಗೆದುಕೊಂಡರೆ ವಾರಕ್ಕೆ 36 ಗಂಟೆ. ಬೇಗ ಮುಗಿಯುತ್ತದೆ ಎಂದು ಬೇಸಿಗೆಯಲ್ಲಿ ಎರಡು ಕೋರ್ಸು ಹಾಕಿಕೊಂಡವರು ಮುಳುಗುವುದು ಈ ಲೆಕ್ಕ ಹಾಕದೆ. ಫ್ರೀಮಾಂಟ್‌ನ ಓಲೋನಿ ಸೆಮಿಸ್ಟರ್ ಕಾಲೇಜು. ಕೂಪರ್ಟಿನೋದ ಡಿ ಆನ್ಜಾ, ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್ ಎರಡೂ ಕ್ವಾರ್ಟರ್ ಕಾಲೇಜುಗಳು, ಅಲ್ಲಿ 12 ವಾರದಲ್ಲೇ ಎಲ್ಲ ಮುಗಿಯುತ್ತದೆ, ಮೂರು ವಾರ ಕಳೆಯುವಷ್ಟರಲ್ಲಿ ಮೊದಲ ಪರೀಕ್ಷೆ ಬಂದಿರುತ್ತದೆ. ಮೊದಲ ಸಲ ಸೇರುವವರಿಗೆ ಸೆಮಿಸ್ಟರ್ ಕಾಲೇಜೇ ಮೇಲು, ಅದೂ ಒಂದೇ ಕೋರ್ಸಿನಿಂದ ಶುರು ಮಾಡುವುದು ಒಳ್ಳೆಯದು.

ಇನ್ನು ಸಿಲಬಸ್. ಊರಲ್ಲಿ ಸಿಲಬಸ್ ಅಂದರೆ ಓದಬೇಕಾದ ಪೋರ್ಷನ್. ಇಲ್ಲಿ ಅದು ಮೇಷ್ಟರು ಮೊದಲ ದಿನ ಕೈಗಿಡುವ ಕರಾರುಪತ್ರ. ಯಾವುದಕ್ಕೆ ಎಷ್ಟು ಪರ್ಸೆಂಟ್, ತಡವಾದರೆ ಎಷ್ಟು ಕಡಿತ, ಅತಿ ಕಡಿಮೆ ಬಂದ ಕ್ವಿಜ್ ಒಂದನ್ನು ಬಿಡುತ್ತಾರೋ ಇಲ್ಲವೋ, ತಪ್ಪಿಸಿಕೊಂಡ ಪರೀಕ್ಷೆಗೆ ಮರುಪರೀಕ್ಷೆ ಇದೆಯೋ ಇಲ್ಲವೋ, ಎಲ್ಲ ಅದರಲ್ಲಿರುತ್ತದೆ. ಮನೆಗೆಲಸ 20, ಕ್ವಿಜ್ 15, ಎರಡು ಮಿಡ್‌ಟರ್ಮ್ ಸೇರಿ 40, ಫೈನಲ್ 25 ಎಂಬಂಥ ಹಂಚಿಕೆ ಸಾಮಾನ್ಯ. ಫೈನಲ್‌ನಲ್ಲಿ ನೂರಕ್ಕೆ ನೂರು ತೆಗೆದರೂ ಸಿಗುವುದು 25 ಮಾತ್ರ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಗೈಡ್ ಹಿಡಿದು ಕೂರುವ ಅಭ್ಯಾಸ ಇಲ್ಲಿ ಕೈ ಕೊಡುವುದು ಇದೇ ಕಾರಣಕ್ಕೆ. ಸಿಲಬಸ್ ಸಿಕ್ಕ ದಿನವೇ ಎಲ್ಲ ತಾರೀಕನ್ನೂ ಮನೆಯ ಕ್ಯಾಲೆಂಡರಿಗೆ ಬರೆದುಕೊಳ್ಳಿ. ಫೈನಲ್ ಮಾತ್ರ ಕ್ಲಾಸಿನ ಮಾಮೂಲಿ ಸಮಯಕ್ಕೆ ಇರಲೇಬೇಕೆಂದಿಲ್ಲ, ಅದರ ವೇಳಾಪಟ್ಟಿ ಬೇರೆ. ಊರಿಗೆ ಟಿಕೆಟ್ ಮಾಡಿಸುವ ಮುಂಚೆ ಅದನ್ನು ನೋಡಿ.

ಅಂಕಗಳು ಕ್ಯಾನ್ವಾಸ್ ಎಂಬ ಜಾಲತಾಣದಲ್ಲಿ ಕಾಣುತ್ತವೆ. ಅದರಲ್ಲಿ ಮೋಸ ಹೋಗುವ ಜಾಗ ಒಂದಿದೆ. ಅಲ್ಲಿ ಕಾಣುವ ಒಟ್ಟು ಪರ್ಸೆಂಟ್, ಅಂಕ ಹಾಕಿರುವ ಕೆಲಸಗಳದ್ದು ಮಾತ್ರ. ನೀವು ಮೂರು ಅಸೈನ್‌ಮೆಂಟ್ ಕೊಟ್ಟೇ ಇಲ್ಲದಿದ್ದರೂ, ಮೇಷ್ಟರು ಅಲ್ಲಿ ಸೊನ್ನೆ ತುಂಬುವ ತನಕ 95 ಎಂದೇ ತೋರಿಸುತ್ತಿರಬಹುದು. ಸೊನ್ನೆ ತುಂಬಿದ ದಿನ ಅದು 72ಕ್ಕೆ ಇಳಿಯುತ್ತದೆ. ಆದ್ದರಿಂದ ಆ ಸಂಖ್ಯೆಯನ್ನು ನಂಬದೆ ಸಿಲಬಸ್‌ನ ಹಂಚಿಕೆ ಇಟ್ಟುಕೊಂಡು ಒಂದು ಹಾಳೆಯಲ್ಲಿ ಸ್ವಂತ ಲೆಕ್ಕ ಇಡಿ. ಆನ್‌ಲೈನ್ ಕೋರ್ಸುಗಳಲ್ಲಿ ಚರ್ಚೆಯ ಮೊದಲ ಬರಹ ವಾರದ ನಡುವೆ, ಇನ್ನಿಬ್ಬರಿಗೆ ಉತ್ತರ ಭಾನುವಾರದೊಳಗೆ ಎಂದು ಎರಡು ಗಡುವು ಇರುವುದುಂಟು. ಮೊದಲನೆಯದು ತಪ್ಪಿದರೆ ಅಂಕದಲ್ಲಿ ಅರ್ಧದಷ್ಟು ಹೋಗಬಹುದು. ಗೂಗಲ್ ಡಾಕ್‌ನ ಕೊಂಡಿ ಕಳಿಸಿ, ತೆರೆಯಲು ಅನುಮತಿ ಕೊಡುವುದನ್ನು ಮರೆತರೆ ಕೆಲಸ ಕೊಟ್ಟೇ ಇಲ್ಲವೆಂಬ ಲೆಕ್ಕ. ಪಿಡಿಎಫ್ ಮಾಡಿ ಕಳಿಸುವುದೇ ಸುರಕ್ಷಿತ.

ಈಗ ತಾರೀಕುಗಳು. ಇದನ್ನು ನಿಧಾನವಾಗಿ ಓದಿ, ಅತಿ ಹೆಚ್ಚು ನಷ್ಟ ಆಗುವುದು ಇಲ್ಲೇ. ಮೊದಲ ದಿನದ ಕ್ಲಾಸಿಗೆ ಹೋಗದಿದ್ದರೆ ಅಥವಾ ಆನ್‌ಲೈನ್ ಕೋರ್ಸಿನ ಮೊದಲ ವಾರದ ಕೆಲಸ ಮಾಡದಿದ್ದರೆ ಮೇಷ್ಟರು ನಿಮ್ಮ ಹೆಸರು ತೆಗೆದು ವೇಟ್‌ಲಿಸ್ಟ್‌ನಲ್ಲಿರುವವರಿಗೆ ಆ ಜಾಗ ಕೊಡಬಹುದು. ಪೂರ್ತಿ ಸೆಮಿಸ್ಟರಿನ ಕೋರ್ಸಾದರೆ ಮೊದಲ ಎರಡು ವಾರದೊಳಗೆ ಬಿಟ್ಟರೆ ಹಣ ವಾಪಸು. ಸೆಮಿಸ್ಟರಿನ ಶೇಕಡಾ 20 ಕಳೆಯುವ ಹೊತ್ತಿಗೆ ಸೆನ್ಸಸ್ ದಿನ, ಅಂದರೆ ಕಾಲೇಜು ವಿದ್ಯಾರ್ಥಿಗಳ ತಲೆ ಎಣಿಸುವ ದಿನ ಬರುತ್ತದೆ. ಕಾಲೇಜು ಹಾಕಿರುವ ಆ ಗಡುವಿಗೆ ಮುಂಚೆ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಕಾಲೇಜಿನ ಅಂಕಪಟ್ಟಿ) ಆ ಕೋರ್ಸಿನ ಹೆಸರೇ ಇರುವುದಿಲ್ಲ. ಆಮೇಲಿಂದ ಶೇಕಡಾ 75ರ ತನಕ ಬಿಟ್ಟರೆ ಡಬ್ಲ್ಯೂ (ವಿತ್‌ಡ್ರಾ, ಅಂದರೆ ನಡುವೆ ಬಿಟ್ಟದ್ದು) ಎಂದು ಬರುತ್ತದೆ. ಅದು ಜಿಪಿಎಗೆ ಸೇರುವುದಿಲ್ಲ, ಆದರೆ ಕಾಣುತ್ತದೆ. 75 ದಾಟಿದ ಮೇಲೆ ಬಿಡುವ ದಾರಿ ಮುಚ್ಚಿತು. ಬಂದ ಗ್ರೇಡೇ ಗತಿ. ಅಪಘಾತ, ಕಾಯಿಲೆ, ಮನೆಯಲ್ಲಿ ಸಾವಿನಂಥ ಕಾರಣಕ್ಕೆ ದಾಖಲೆ ಸಮೇತ ಅರ್ಜಿ ಕೊಟ್ಟರೆ ಇಡಬ್ಲ್ಯೂ ಎಂಬ ಬೇರೆ ಗುರುತು ಹಾಕುತ್ತಾರೆ, ಅದರಿಂದ ಯಾವ ತೊಂದರೆಯೂ ಇಲ್ಲ.

ಕ್ಲಾಸಿಗೆ ಹೋಗುವುದನ್ನು ನಿಲ್ಲಿಸಿದರೆ ತಾನಾಗೇ ಹೆಸರು ಹೋಗುತ್ತದೆ ಎಂದು ಮಾತ್ರ ತಿಳಿಯಬೇಡಿ. ಹೋಗದೆ, ಪೋರ್ಟಲ್‌ಗೆ ಹೋಗಿ ಡ್ರಾಪ್ ಒತ್ತದೆ ಸುಮ್ಮನಿದ್ದರೆ ಡಿಸೆಂಬರಿನಲ್ಲಿ ಎಫ್ ಬಂದು ಕೂತಿರುತ್ತದೆ. ಡ್ರಾಪ್ ಮಾಡಿದ ದೃಢೀಕರಣದ ಇಮೇಲ್ ಇಟ್ಟುಕೊಳ್ಳಿ.

ಫೇಲಾದರೆ ಏನು ಎಂದಿರಿ. ಡಿ, ಎಫ್, ನೋ ಪಾಸ್ (ಪಾಸು-ಫೇಲು ಎಂದಷ್ಟೇ ಹಾಕುವ ಕೋರ್ಸಿನಲ್ಲಿ ಫೇಲು) ಅಥವಾ ಡಬ್ಲ್ಯೂ ಬಂದ ಕೋರ್ಸನ್ನು ಮತ್ತೆ ತೆಗೆದುಕೊಳ್ಳಬಹುದು, ಆದರೆ ಒಟ್ಟು ಮೂರೇ ಸಲ. ಡಬ್ಲ್ಯೂ ಕೂಡ ಒಂದು ಸಲವೆಂದೇ ಲೆಕ್ಕ. ಮತ್ತೆ ಓದಿ ಒಳ್ಳೆಯ ಗ್ರೇಡು ತೆಗೆದರೆ ಜಿಪಿಎಯಲ್ಲಿ ಹಳೆಯದರ ಜಾಗಕ್ಕೆ ಹೊಸದು ಬರುತ್ತದೆ. ಹಳೆಯದು ಟ್ರಾನ್ಸ್‌ಕ್ರಿಪ್ಟ್‌ನಿಂದ ಅಳಿಯುವುದಿಲ್ಲ, ಓದಲು ಬರುವಂತೆ ಉಳಿದಿರಬೇಕೆಂಬುದು ನಿಯಮ. ಸಿ ಬಂದ ಕೋರ್ಸನ್ನು ಮಾತ್ರ ಗ್ರೇಡು ಏರಿಸಿಕೊಳ್ಳಲೆಂದು ಮತ್ತೆ ಓದಲು ಬಿಡುವುದಿಲ್ಲ. ನಮ್ಮಲ್ಲಿ ಈಗ ಎಸ್ಸೆಸ್ಸೆಲ್ಸಿ, ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಇಟ್ಟು ಹೆಚ್ಚು ಬಂದದ್ದನ್ನು ಉಳಿಸಿಕೊಳ್ಳಬಹುದಲ್ಲ, ಅಂಥ ಅವಕಾಶ ಇಲ್ಲಿಲ್ಲ. ಆದ್ದರಿಂದ ಮುಂದೆ ಮಾಸ್ಟರ್ಸ್‌ಗೆ ಬೇಕಾಗುವ ಕೋರ್ಸಿನಲ್ಲಿ ಸಿ ಖಚಿತ ಎಂದು ಹತ್ತು-ಹನ್ನೊಂದನೇ ವಾರದಲ್ಲೇ ಕಂಡರೆ, 75ರ ಗಡುವಿಗೆ ಮುಂಚೆ ಡಬ್ಲ್ಯೂ ತೆಗೆದುಕೊಂಡು ಮುಂದಿನ ಸಲ ಸರಿಯಾಗಿ ಓದುವುದು ಎಷ್ಟೋ ಸಲ ಜಾಣತನ. ಒಂದು ಡಬ್ಲ್ಯೂವನ್ನು ಯಾರೂ ದೊಡ್ಡದು ಮಾಡುವುದಿಲ್ಲ, ಸಾಲಾಗಿ ನಾಲ್ಕಿದ್ದರೆ ಪ್ರಶ್ನೆ ಏಳುತ್ತದೆ. ಎಫ್-1 (ವಿದ್ಯಾರ್ಥಿ) ವೀಸಾದವರು ಮಾತ್ರ ಇದನ್ನು ಅನುಸರಿಸಬಾರದು: ಅವರು 12 ಯೂನಿಟ್‌ಗಿಂತ ಕೆಳಗೆ ಇಳಿದರೆ ವೀಸಾ ಸ್ಥಿತಿಗೇ ಕುತ್ತು, ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಆಫೀಸಿನ ಒಪ್ಪಿಗೆ ಮೊದಲು ಬೇಕು. ಎಚ್-4ಗೆ ಆ ಕಟ್ಟಿಲ್ಲ, ಒಂದೇ ಕೋರ್ಸು ಓದಿದರೂ ಸರಿ.

12 ಯೂನಿಟ್ ಓದಿದ ಮೇಲೆ ಒಟ್ಟು ಜಿಪಿಎ 2.0ಕ್ಕಿಂತ ಕೆಳಗಿದ್ದರೆ ಪ್ರೊಬೇಶನ್, ಅಂದರೆ ಕಾಲೇಜಿನ ಎಚ್ಚರಿಕೆ. ದಾಖಲಾದ ಯೂನಿಟ್‌ಗಳಲ್ಲಿ ಅರ್ಧದಷ್ಟು ಅಥವಾ ಹೆಚ್ಚು ಡಬ್ಲ್ಯೂ, ಇನ್‌ಕಂಪ್ಲೀಟ್, ನೋ ಪಾಸ್ ಆಗಿದ್ದರೂ ಅಷ್ಟೆ. ಪತ್ರ ಬಂದರೆ ಮುಚ್ಚಿಡದೆ ಕೌನ್ಸೆಲರ್ ಬಳಿ ಹೋಗಿ, ಅವರ ಸಲಹೆ ಉಚಿತ.

ಅಂಕದಲ್ಲಿ ಅನ್ಯಾಯವಾಗಿದೆ ಅನ್ನಿಸಿದರೆ ರೀವ್ಯಾಲ್ಯುಯೇಷನ್‌ಗೆ ಹಣ ಕಟ್ಟಿ ಬೇರೆಯವರ ಕೈಯಲ್ಲಿ ತಿದ್ದಿಸುವ ಪದ್ಧತಿ ಇಲ್ಲಿಲ್ಲ. ರಾಜ್ಯದ ಶಿಕ್ಷಣ ಸಂಹಿತೆಯ 76224ನೇ ಸೆಕ್ಷನ್ ಪ್ರಕಾರ ಮೇಷ್ಟರು ಕೊಟ್ಟ ಗ್ರೇಡೇ ಅಂತಿಮ. ತಪ್ಪು ಲೆಕ್ಕ, ಮೋಸ, ದುರುದ್ದೇಶ, ಅಸಾಮರ್ಥ್ಯ ಈ ನಾಲ್ಕರಲ್ಲಿ ಒಂದನ್ನು ತೋರಿಸಿದರೆ ಮಾತ್ರ ಬದಲಾಗುತ್ತದೆ. ಕೂಡುವಾಗ ತಪ್ಪಾಗಿದ್ದರೆ ಒಂದು ಇಮೇಲ್‌ನಲ್ಲಿ ಸರಿಹೋಗುತ್ತದೆ. 89.4 ಇದೆ, ಎ ಮಾಡಿಕೊಡಿ ಎಂದು ಬೇಡಬೇಡಿ. ಗ್ರೇಸ್ ಮಾರ್ಕ್ಸ್ ಕೊಡಲೇಬೇಕೆಂಬ ನಿಯಮವಿಲ್ಲ, ಕೇಳಿದರೆ ಬೇಸರವಾಗುವುದೂ ಉಂಟು. ಅದಕ್ಕಿಂತ ಎರಡನೇ ವಾರದಲ್ಲೇ ಅವರ ಆಫೀಸ್ ಅವರ್‌ಗೆ (ವಿದ್ಯಾರ್ಥಿಗಳನ್ನು ಕಾಣಲು ಇಟ್ಟ ಸಮಯ) ಹೋಗಿ, ಕೈಲಿ ಬಿಡಿಸಲಾಗದ ಲೆಕ್ಕ ಹಿಡಿದುಕೊಂಡು. ಗೌರವದಿಂದ ದೂರ ನಿಲ್ಲುವುದು ನಮ್ಮ ರೂಢಿ. ಇಲ್ಲಿ ಬಾರದ ವಿದ್ಯಾರ್ಥಿಗೆ ಆಸಕ್ತಿ ಇಲ್ಲವೆಂದು ತಿಳಿಯುತ್ತಾರೆ.

ಇನ್ನೊಂದು ಮಾತು ನೇರವಾಗಿ ಹೇಳಬೇಕು. ಗೆಳತಿಯ ರೆಕಾರ್ಡ್ ನೋಡಿ ಬರೆಯುವುದು, ಅಸೈನ್‌ಮೆಂಟ್ ಹಂಚಿಕೊಳ್ಳುವುದು ಊರಲ್ಲಿ ಸಹಾಯ ಎನಿಸಿಕೊಳ್ಳುತ್ತದೆ, ಇಲ್ಲಿ ಅಪರಾಧ. ಕೊಟ್ಟವರಿಗೂ ಪಡೆದವರಿಗೂ ಆ ಕೆಲಸದಲ್ಲಿ ಸೊನ್ನೆ ಹಾಕಿ ಡೀನ್‌ಗೆ ವರದಿ ಕಳಿಸಬಹುದು. ಬೇರೆಯವರ ವಾಕ್ಯ ತೆಗೆದುಕೊಂಡರೆ ಉದ್ಧರಣ ಚಿಹ್ನೆ ಮತ್ತು ಮೂಲ ಎರಡೂ ಬೇಕು. ಪದಗಳನ್ನು ಅತ್ತಿತ್ತ ಬದಲಿಸಿದರೂ ಮೂಲ ಹೇಳಲೇಬೇಕು. ಚಾಟ್‌ಜಿಪಿಟಿಯನ್ನು ಒಬ್ಬ ಮೇಷ್ಟರು ಒಪ್ಪಬಹುದು, ಇನ್ನೊಬ್ಬರು ಪೂರ್ತಿ ನಿಷೇಧಿಸಿರಬಹುದು, ಆಯಾ ಸಿಲಬಸ್ ನೋಡಿ.

ಶುಲ್ಕದ ಬಗ್ಗೆ ಚಿಕ್ಕದಾಗಿ: ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್. ನೀವು ನಿವಾಸಿ ಅನ್ನಿಸಿಕೊಳ್ಳಲು ಸೆಮಿಸ್ಟರ್ ಶುರುವಾಗುವ ಹಿಂದಿನ ದಿನಕ್ಕೆ ಇಲ್ಲಿ ಒಂದು ವರ್ಷ ಒಂದು ದಿನ ಆಗಿರಬೇಕು, ಮನೆ ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸ್‌ನಂಥ ಪುರಾವೆ ಬೇಕು. ಎಚ್-4ನವರಿಗೆ ಈ ಹಕ್ಕಿದೆ. ಅಲ್ಲಿಯ ತನಕ ಹೊರಗಿನವರ ಶುಲ್ಕ ಸೇರಿ ಹಲವು ಪಟ್ಟು ಆಗುತ್ತದೆ. ಅವಸರ ಇಲ್ಲದಿದ್ದರೆ ಎಂಟು ತಿಂಗಳು ಕಾಯಿರಿ, ಈಗಿನಿಂದಲೇ ಪುರಾವೆಗಳನ್ನು ನಿಮ್ಮ ಹೆಸರಿನಲ್ಲಿ ಕೂಡಿಹಾಕಿ.

ಮಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಹೈಸ್ಕೂಲಿನಲ್ಲಿರುವಾಗ ಓದಿದ ಕಾಲೇಜು ಕೋರ್ಸಿನ ಗ್ರೇಡು ಕಾಲೇಜಿನ ಶಾಶ್ವತ ದಾಖಲೆ. ಯುಸಿ ಅರ್ಜಿಯಲ್ಲಿ ಓದಿದ ಎಲ್ಲ ಕೋರ್ಸನ್ನೂ ತೋರಿಸಲೇಬೇಕು, ಬಚ್ಚಿಡುವ ಹಾಗಿಲ್ಲ. ಲಾಭವೂ ಇದೆ: ವರ್ಗಾವಣೆಗೆ ಒಪ್ಪಿತವಾದ ಕೋರ್ಸಿನಲ್ಲಿ ಎ ಬಂದರೆ ಯುಸಿ ತನ್ನ ಜಿಪಿಎ ಲೆಕ್ಕದಲ್ಲಿ 5 ಅಂಕ ಕೊಡುತ್ತದೆ, ಅದಕ್ಕೆ ಒಂದು ಮಿತಿ ಇದೆ. ಹದಿನಾರರ ಹುಡುಗಿಗೆ ಸೆಮಿಸ್ಟರಿಗೆ 3 ಯೂನಿಟ್‌ನ ಒಂದು ಕೋರ್ಸು ಸಾಕು, ಅವಳಿಗೆ ಇಷ್ಟವಾದ ವಿಷಯದಲ್ಲಿ; ಅಪ್ಪ-ಅಮ್ಮನ ಆಸೆಗೆ ಕ್ಯಾಲ್ಕ್ಯುಲಸ್ ಹಾಕಿಸಬೇಡಿ. ವಿದ್ಯಾರ್ಥಿ ದಾಖಲೆಗಳ ಗೌಪ್ಯತೆಗೆಂದು ಇರುವ 1974ರ ಫೆರ್ಪಾ ಕಾಯಿದೆಯಂತೆ ಕಾಲೇಜಿನ ದಾಖಲೆಯ ಹಕ್ಕು ವಿದ್ಯಾರ್ಥಿಯದು, 18 ತುಂಬದಿದ್ದರೂ. ನೀವು ಫೋನ್ ಮಾಡಿ ಕೇಳಿದರೆ, ಅವಳ ಲಿಖಿತ ಒಪ್ಪಿಗೆ ಇಲ್ಲದೆ ಸಾಮಾನ್ಯವಾಗಿ ಏನನ್ನೂ ಹೇಳುವುದಿಲ್ಲ. ಹಾಗಾಗಿ ಸೇರುವ ದಿನವೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಡ್ರಾಪ್ ತಾರೀಕು, ಡಬ್ಲ್ಯೂ ತಾರೀಕು ಎರಡನ್ನೂ ಅವಳ ಫೋನಿನಲ್ಲೇ ಹಾಕಿಸಿ. ಪೋರ್ಟಲ್‌ಗೆ ಹೋಗಿ ಡ್ರಾಪ್ ಒತ್ತಬೇಕಾದವಳು ಅವಳೇ.