ಕಟೌಟ್ ಹಾಕಿಸಿದರೆ ಪವರ್ ಜಾಸ್ತಿ ಆಗುತ್ತಾ, ಬರೀ ಸದ್ದು ಜಾಸ್ತಿ ಆಗುತ್ತಾ?

ಪ್ರಶ್ನೆ: ನನ್ನ ಹತ್ತಿರ ಸೆಕೆಂಡ್ ಹ್ಯಾಂಡ್ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230 ಇದೆ. ಸ್ಟೇಜ್ 1 ಟ್ಯೂನ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಮಾತ್ರ ಬದಲಿಸೋದು) ಆಗಿದೆ, ಉಳಿದಿದ್ದೆಲ್ಲ ಕಂಪನಿದೇ. ಎಲೆಕ್ಟ್ರಿಕ್ ಎಕ್ಸಾಸ್ಟ್ ಕಟೌಟ್ ಹಾಕಿಸೋ ಆಸೆ. ಊರೊಳಗೆ ಮುಚ್ಚಿರೋದು, ಹೈವೇಗೆ ಬಂದ ಮೇಲೆ ಸ್ವಿಚ್ ಒತ್ತಿ ತೆಗೆಯೋದು. 20 ಎಚ್‌ಪಿ ಜಾಸ್ತಿ ಸಿಗುತ್ತೆ ಅಂತ ಫ್ರೆಂಡ್ಸ್ ಹೇಳ್ತಾರೆ, ನಿಜಾನಾ? ಇಲ್ಲೇ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬಹುದಾ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: 20 ಎಚ್‌ಪಿ ಸಿಗುವುದಿಲ್ಲ. ಸದ್ದು ಸಿಗುತ್ತದೆ, ನೀವು ಬಯಸಿದ್ದಕ್ಕಿಂತ ಜಾಸ್ತಿನೇ.

ಕಟೌಟ್ ಅಂದರೆ ದೊಡ್ಡ ವಿದ್ಯೆ ಏನಲ್ಲ. ಮಫ್ಲರ್‌ಗಿಂತ (ಅಂದರೆ ಸೈಲೆನ್ಸರ್) ಮುಂಚೆ ಪೈಪ್ ಕತ್ತರಿಸಿ, ವೈ ಆಕಾರದ ತುಂಡು ಕೂರಿಸಿ, ಅದರ ಒಂದು ಕವಲಿಗೆ ಬಟರ್‌ಫ್ಲೈ ವಾಲ್ವ್ (ತಿರುಗುವ ತಟ್ಟೆಯ ಬಾಗಿಲು) ಹಾಕುತ್ತಾರೆ. ವಾಲ್ವ್ ತೆಗೆದರೆ ಹೊಗೆ ಮಫ್ಲರ್ ತನಕ ಹೋಗದೆ ಅಲ್ಲೇ ಹೊರಗೆ ಬರುತ್ತದೆ. ನೂರು ವರ್ಷದ ಹಿಂದೆಯೇ ಅಮೆರಿಕದ ಕಾರುಗಳಲ್ಲಿ ಕಾಲಲ್ಲಿ ಒತ್ತುವ ಕಟೌಟ್ ಇರುತ್ತಿತ್ತು, ಗಲಾಟೆ ತಡೆಯಲಾರದೆ ಎಷ್ಟೋ ಊರಿನವರು ಆಗಲೇ ನಿಷೇಧ ಹಾಕಿದ್ದರು.

ಈಗ ನಿಮ್ಮ ಕಾರಿಗೆ ಬರೋಣ. 2 ಲೀಟರ್ ಟರ್ಬೊ ಎಂಜಿನ್, 230 ಎಚ್‌ಪಿ, 350 ಎನ್‌ಎಂ ಟಾರ್ಕ್. ಟರ್ಬೊಗೆ ಹಿಂದೆ ಒತ್ತಡ ಕಡಿಮೆ ಇದ್ದಷ್ಟು ಒಳ್ಳೆಯದು ಅನ್ನೋ ಮಾತು ನಿಜ. ಟರ್ಬೈನ್‌ನ ಎರಡೂ ಕಡೆಯ ಒತ್ತಡದ ವ್ಯತ್ಯಾಸ ಜಾಸ್ತಿ ಆದರೆ ಅದು ಬೇಗ ಸುತ್ತಿಕೊಳ್ಳುತ್ತದೆ, ಬೂಸ್ಟ್ (ಎಂಜಿನ್ನಿಗೆ ತುರುಕುವ ಗಾಳಿಯ ಒತ್ತಡ) ಬೇಗ ಬರುತ್ತದೆ. ಆದರೆ ನಿಮ್ಮ ಕಾರಲ್ಲಿ ಹೊಗೆಗೆ ದೊಡ್ಡ ಅಡ್ಡಿ ಇರುವುದು ಟರ್ಬೊ ಪಕ್ಕದ ಡೌನ್‌ಪೈಪ್ ಮತ್ತು ಅದರೊಳಗಿನ, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ (ಕ್ಯಾಟ್). ಕಟೌಟ್ ಕೂರುವುದು ಅದಾದ ಮೇಲೆ. ಭದ್ರಾ ನಾಲೆಯ ತೂಬೇ ಚಿಕ್ಕದಿದ್ದರೆ ಕೊನೇ ಹೊಲದ ಹತ್ತಿರ ಕಾಲುವೆ ಅಗಲ ಮಾಡಿ ಏನು ಬಂತು?

ನನ್ನ ಮಾತು ನಂಬಬೇಡಿ, ಅಳೆದು ನೋಡಿ. ಕ್ಯಾಟ್ ಆದ ಮೇಲೆ ಒಂದು ಆಕ್ಸಿಜನ್ ಸೆನ್ಸರ್ ಇದೆಯಲ್ಲ, ಅದನ್ನು ಬಿಚ್ಚಿ ಆ ತೂತಿಗೆ ಅಡಾಪ್ಟರ್ ಹಾಕಿ ಒಂದು ಪ್ರೆಶರ್ ಗೇಜ್ ಕೂರಿಸಿ. ಡೈನೊ (ಕಾರು ನಿಂತಲ್ಲೇ ಓಡಿಸಿ ಪವರ್ ಅಳೆಯುವ ಯಂತ್ರ) ಮೇಲೆ ಫುಲ್ ಥ್ರಾಟಲ್ ಎಳೆಯುವಾಗ ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿ. ಇದಕ್ಕೆ ಬೆಂಗಳೂರಿಗೆ ಹೋಗಿ, ದಯವಿಟ್ಟು ಬೈಪಾಸ್‌ನಲ್ಲಿ ಮಾಡಬೇಡಿ. ಗೇಜ್ ತೋರಿಸುವುದು ಆ ಜಾಗದಿಂದ ಹಿಂದಿನ ರೆಸೊನೇಟರ್ (ಸದ್ದು ತಗ್ಗಿಸುವ ಇನ್ನೊಂದು ಡಬ್ಬಿ), ಮಫ್ಲರ್ ಎಲ್ಲ ಸೇರಿ ಒಡ್ಡುವ ಅಡ್ಡಿ. ಕಟೌಟ್ ಎಷ್ಟೇ ದೊಡ್ಡದಿದ್ದರೂ ಅದಕ್ಕಿಂತ ಜಾಸ್ತಿ ಏನನ್ನೂ ತೆಗೆಯಲಾರದು. ಮುಳ್ಳು 1–2 ಪಿಎಸ್‌ಐ (ಒತ್ತಡದ ಅಳತೆ) ದಾಟದಿದ್ದರೆ ಹಣ ಜೇಬಲ್ಲೇ ಇರಲಿ. ಅದಕ್ಕಿಂತ ತುಂಬಾ ಮೇಲೆ ಹೋದರೆ ಸ್ವಲ್ಪ ದೊಡ್ಡ ಪೈಪಿನ ಕ್ಯಾಟ್-ಬ್ಯಾಕ್ (ಕ್ಯಾಟ್‌ನಿಂದ ಹಿಂದಿನ ಎಕ್ಸಾಸ್ಟ್ ಪೂರ್ತಿ) ಹಾಕಿಸುವುದು ವಾಸಿ, ಮಫ್ಲರ್ ಇದ್ದೂ ಆ ಲಾಭ ಸಿಗುತ್ತದೆ. ಸೆನ್ಸರ್ ಬಿಚ್ಚಿದ್ದಕ್ಕೆ ಚೆಕ್ ಎಂಜಿನ್ ಲೈಟ್ ಬರುತ್ತದೆ, ವಾಪಸ್ ಹಾಕಿ ಸ್ಕ್ಯಾನರ್‌ನಲ್ಲಿ ಕ್ಲಿಯರ್ ಮಾಡಿದರೆ ಆಯಿತು.

ಇನ್ನು ಸದ್ದಿನ ವಿಷಯ. ಮೊದಲ ದಿನ ಮೈ ಜುಂ ಅನ್ನುತ್ತದೆ, ಒಪ್ಪುತ್ತೇನೆ. ಆಮೇಲೆ ಚಿತ್ರದುರ್ಗದ ತನಕ ಹೈವೇಲಿ ಒಂದೇ ಸ್ಪೀಡಲ್ಲಿ ಹೋಗಿ ನೋಡಿ. 2,000 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರ್ ಎಂಜಿನ್ ಸೆಕೆಂಡಿಗೆ ಸುಮಾರು 67 ಸಲ ಫೈರ್ ಆಗುತ್ತದೆ. ಆ ಗುಂಯ್ ಅನ್ನೋ ಸದ್ದು ಕ್ಯಾಬಿನ್ ಒಳಗೆ ತುಂಬಿಕೊಂಡು ಕಿವಿ ಅದುಮಿ ಹಿಡಿದ ಹಾಗೆ ಆಗುತ್ತದೆ. ಹಿಂದಿನ ಸೀಟಲ್ಲಿ ಮನೆಯವರು ಕೂತಿದ್ದರೆ ಅರ್ಧ ದಾರಿ ಮುಟ್ಟೋದರೊಳಗೆ ಸ್ವಿಚ್ ಆಫ್ ಮಾಡಿಸುತ್ತಾರೆ. ಊರೊಳಗೆ ಮುಚ್ಚಿಡುತ್ತೇನೆ ಅಂತೀರಿ, ಎಲ್ಲರೂ ಹಾಗೇ ಅಂತಾರೆ. ಒಂದೆರಡು ತಿಂಗಳಲ್ಲಿ ವಾಲ್ವಿನ ತಟ್ಟೆ ಅಂಚಿಗೆ ಮಸಿ ಗಟ್ಟಿಯಾಗಿ ಕೂತು, ಮುಚ್ಚಿದರೂ ಪೂರ್ತಿ ಮುಚ್ಚದೆ ಟಿಕ್ ಟಿಕ್ ಅಂತ ಲೀಕ್ ಶುರುವಾಗುತ್ತದೆ. ಮಳೆಗಾಲದ ಕೆಸರು ನೀರು ಮೋಟಾರಿಗೆ ಹೋದರೆ ವಾಲ್ವ್ ತೆರೆದಲ್ಲೇ ಸಿಕ್ಕಿಕೊಳ್ಳುತ್ತದೆ. ಆಗ ರಾತ್ರಿ ಹನ್ನೊಂದಕ್ಕೆ ಪಿ.ಜೆ. ಬಡಾವಣೆಯೊಳಗೆ ಬರುವುದು ಹೇಗೆ ಅಂತ ನೀವೇ ಹೇಳಿ.

ಕಾನೂನಲ್ಲೂ ಜಾಗ ಇಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಸೈಲೆನ್ಸರ್ ಇರಲೇಬೇಕು ಅನ್ನುತ್ತದೆ. ಮೋಟಾರು ವಾಹನ ಕಾಯ್ದೆಯ 190(2)ರ ಪ್ರಕಾರ ಶಬ್ದದ ಮಿತಿ ಮೀರಿ ಓಡಿಸಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಇಲ್ಲ. "ಸ್ವಿಚ್ ಇದೆ ಸರ್, ಮುಚ್ಚಿದೆ" ಅಂದರೆ ಪೊಲೀಸರು ನಕ್ಕು ಬಿಡುತ್ತಾರೆ ಅಂದುಕೊಳ್ಳಬೇಡಿ. ವಿಮೆಯವರಿಗೆ ತಿಳಿಸದೆ ಹಾಕಿಸಿದರೆ ಕ್ಲೇಮ್ ಹೊತ್ತಿಗೆ ತಕರಾರು ಬರಬಹುದು.

ಹಾಗಾಗಿ ರಸ್ತೆ ಕಾರಿಗೆ ಬೇಡ ಅನ್ನುವುದೇ ನನ್ನ ಉತ್ತರ. ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈನ ರೇಸ್ ಟ್ರ್ಯಾಕಿಗೋ ಹೋಗುವವರಾದರೆ ಬೇರೆ ಮಾತು. ಅಲ್ಲೂ ಸದ್ದಿನ ನಿಯಮ ಏನಿದೆ ಅಂತ ಮೊದಲೇ ಕೇಳಿಕೊಳ್ಳಿ. ಆಗಲೂ ಒರಿಜಿನಲ್ ಪೈಪಿಗೆ ಗರಗಸ ಹಚ್ಚಬೇಡಿ. ಹಳೇ ಮಿಡ್ ಪೈಪ್ (ಎಕ್ಸಾಸ್ಟಿನ ನಡುವಿನ ತುಂಡು) ಒಂದನ್ನು ಹುಡುಕಿ, ಅದಕ್ಕೇ ಕಟೌಟ್ ಕೂರಿಸಿ, ಟ್ರ್ಯಾಕ್ ದಿನಕ್ಕೆ ಮಾತ್ರ ಬದಲಿಸಿ. ಕಟೌಟ್ ಜಾಗ ಎರಡನೇ ಸೆನ್ಸರ್ (ಕ್ಯಾಟ್ ಆದ ಮೇಲಿನದು) ಆದ ಮೇಲೆಯೇ ಇರಬೇಕು. ಕ್ಯಾಟ್‌ಗಿಂತ ಮುಂಚಿನ ಸೆನ್ಸರ್ ಹತ್ತಿರ ಲೀಕ್ ಆದರೆ ಹೊರಗಿನ ಗಾಳಿ ಒಳಗೆ ಎಳೆದುಕೊಂಡು, ಪೆಟ್ರೋಲ್ ಕಡಿಮೆ ಬರುತ್ತಿದೆ ಅಂತ ಇಸಿಯು (ಎಂಜಿನ್ ಕಂಪ್ಯೂಟರ್) ತಪ್ಪು ತಿಳಿದು ಸುಮ್ನೆ ಜಾಸ್ತಿ ಸುರಿಯುತ್ತದೆ.

ಹೊಗೆ ಯಾವ ಕಡೆ ಬೀಳುತ್ತದೆ ಅನ್ನುವುದು ಇನ್ನೂ ಮುಖ್ಯ. ನಿಮ್ಮ ಹಿಂದಿನ ಸೀಟಿನ ಕೆಳಗೇ ಪ್ಲಾಸ್ಟಿಕ್ ಪೆಟ್ರೋಲ್ ಟ್ಯಾಂಕ್ ಇದೆ. ಬಿಸಿ ಹೊಗೆ ಟ್ಯಾಂಕಿಗಾಗಲಿ, ಬ್ರೇಕ್ ಪೈಪಿಗಾಗಲಿ, ವೈರಿಂಗಿಗಾಗಲಿ ತಾಗಬಾರದು, ನಡುವೆ ಹೀಟ್ ಶೀಲ್ಡ್ ಬೇಕೇ ಬೇಕು. ಬಾಯಿಯನ್ನು ಪಕ್ಕಕ್ಕೆ, ಬಾಡಿ ಅಂಚಿನಿಂದ ಹೊರಗೆ ತನ್ನಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಫ್ಲೋರಿನ ರಬ್ಬರ್ ಬಿರಡೆ ಒಂದು ಸಡಿಲ ಇದ್ದರೂ ಒಳಗೆ ಬರುತ್ತದೆ, ತಲೆನೋವು ಬರುವ ತನಕ ಗೊತ್ತಾಗುವುದಿಲ್ಲ. ಮೋಟಾರನ್ನು ಕೆಳಗೆ ಜೋತುಬಿಡದೆ ಅಡ್ಡಕ್ಕೆ ಕೂರಿಸಿ, ಇಲ್ಲದಿದ್ದರೆ ಮೊದಲ ಹಂಪೇ ಅದನ್ನು ಕಿತ್ತು ಹಾಕುತ್ತದೆ. ವೆಲ್ಡಿಂಗ್ ಅಂಗಡಿ ಅಂದಿರಲ್ಲ, ಗೇಟು ಕಿಟಕಿ ಮಾಡುವವರಲ್ಲಿ ಬೇಡ, ಸ್ಟೇನ್‌ಲೆಸ್‌ಗೆ ಟಿಗ್ ವೆಲ್ಡಿಂಗ್ ಮಾಡುವವರನ್ನು ಹುಡುಕಿ. ಕಾರಿನ ಮೇಲೇ ವೆಲ್ಡ್ ಮಾಡುವುದಾದರೆ ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿಸಿ.

ಪ್ರಶ್ನೆ: ನನ್ನದು ಹಳೇ ಹೋಂಡಾ ಸಿಟಿ 1.5 ವಿಟೆಕ್. ಟರ್ಬೊ ಇಲ್ಲ. ಇದಕ್ಕಾದರೂ ಕಟೌಟ್ ಲಾಭ ಇದೆಯಾ?
– ಓದುಗರು, ಚಿತ್ರದುರ್ಗ

ಉತ್ತರ: ಇದಕ್ಕೆ ಇನ್ನೂ ಕಡಿಮೆ. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಒಂದು ಸಿಲಿಂಡರ್‌ನಿಂದ ಹೋದ ಹೊಗೆ ಹಿಂದೆ ಒತ್ತಡ ಇಳಿಸಿ ಮುಂದಿನ ಸಿಲಿಂಡರ್‌ನ ಹೊಗೆಯನ್ನು ಎಳೆದುಕೊಳ್ಳುತ್ತದೆ. ಪೈಪಿನ ಉದ್ದ ಅಗಲ ಆ ಲೆಕ್ಕಕ್ಕೇ ಇರುತ್ತದೆ. ನಡುವೆ ಬಾಯಿ ತೆಗೆದರೆ ಲೆಕ್ಕ ತಪ್ಪಿ ಕೆಳಗಿನ ಆರ್‌ಪಿಎಂನಲ್ಲಿ ಪಿಕಪ್ ಬಿದ್ದರೂ ಬೀಳಬಹುದು. ಆ ದುಡ್ಡಲ್ಲಿ ಇಗ್ನಿಷನ್, ವಾಲ್ವ್ ಕ್ಲಿಯರೆನ್ಸ್ ಸರಿ ಮಾಡಿಸಿ, ಕ್ಲಚ್ ನೋಡಿಸಿ. ಅಷ್ಟು ವಯಸ್ಸಾದ ಗಾಡಿಯಲ್ಲಿ ಕಳೆದುಹೋದ ಪವರ್ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.