ಲ್ಯಾಟಿನ್ ತಗೊಂಡರೆ ಮಾರ್ಕ್ಸ್ ಜಾಸ್ತಿ ಬರುತ್ತಾ?

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗನಿಗೆ ಇಲ್ಲಿನ ಒಂದು ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಸೀಟು ಸಿಕ್ಕಿದೆ. ಸೆಪ್ಟೆಂಬರಿಗೆ ಒಂಬತ್ತನೇ ಕ್ಲಾಸು. ಮೂರು ವರ್ಷ ಒಂದೇ ವಿದೇಶಿ ಭಾಷೆ ಓದುವುದು ಕಡ್ಡಾಯವಂತೆ. ಸ್ಪ್ಯಾನಿಶ್, ಫ್ರೆಂಚ್, ಲ್ಯಾಟಿನ್ ಇವೆ. ಲ್ಯಾಟಿನ್ ಓದಿದವರಿಗೆ ಕಾಲೇಜು ಪ್ರವೇಶ ಪರೀಕ್ಷೆಯಾದ ಎಸ್‌ಎಟಿಯಲ್ಲಿ ಮಾರ್ಕ್ಸ್ ಜಾಸ್ತಿ ಬರುತ್ತದೆ ಎಂದು ಯಜಮಾನರಿಗೆ ಯಾರೋ ಹೇಳಿದ್ದಾರೆ. ನನಗೆ ಸ್ಪ್ಯಾನಿಶ್ ಇರಲಿ ಅನಿಸುತ್ತದೆ. ಮಗ ‘ಭಾಷೆಯೇ ಬೇಡ, ಆ ಪಿರಿಯಡ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಕೊಡಲಿ’ ಅಂತಾನೆ. ಭಾಷೆಯಿಂದ ಓದು ಸುಧಾರಿಸುತ್ತದೋ, ಜಿಪಿಎ (ಎಲ್ಲ ವಿಷಯಗಳ ಗ್ರೇಡಿನ ಸರಾಸರಿ) ಕೆಡುತ್ತದೋ?
- ಒಬ್ಬ ತಾಯಿ

ಉತ್ತರ: ಮನೆಯಲ್ಲಿ ಮೂರು ಜನ, ಮೂರು ಮತ! ಮೊದಲು ಯಜಮಾನರ ಮಾತು ತಗೊಳ್ಳೋಣ.

ಲ್ಯಾಟಿನ್ ಓದಿದ ಮಕ್ಕಳು ಎಸ್‌ಎಟಿಯಲ್ಲಿ ಮುಂದೆ ಇರುತ್ತಾರೆ ಎನ್ನುವುದು ಸುಳ್ಳೇನಲ್ಲ. ಆದರೆ ಲ್ಯಾಟಿನ್ ತಗೊಳ್ಳುವವರು ಯಾರು ಅಂತ ಸ್ವಲ್ಪ ನೋಡಿ. ನಾನು ಓಹಾಯೊದ ಒಂದು ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಸ್ಪ್ಯಾನಿಶ್ ಪಾಠ ಮಾಡುತ್ತಿದ್ದೆ. ಪಕ್ಕದ ಕೋಣೆಯಲ್ಲೇ ಲ್ಯಾಟಿನ್. ನನ್ನ ಕ್ಲಾಸು ತುಂಬಿ ತುಳುಕುತ್ತಿದ್ದರೆ ಅಲ್ಲಿ ಬೆರಳೆಣಿಕೆಯ ಮಕ್ಕಳು. ಅಪ್ಪ ವಕೀಲ, ಅಮ್ಮ ಡಾಕ್ಟರು, ಮನೆ ತುಂಬ ಪುಸ್ತಕ. ಎಂಟನೇ ಕ್ಲಾಸಿನಲ್ಲೇ ದಪ್ಪ ದಪ್ಪ ಕಾದಂಬರಿ ಓದಿ ಬಿಸಾಕಿದವರು. ಆ ಮಕ್ಕಳು ಲ್ಯಾಟಿನ್ ಬದಲು ತಮಟೆ ಕಲಿತಿದ್ದರೂ ಎಸ್‌ಎಟಿಯಲ್ಲಿ ಮುಂದೆಯೇ ಇರುತ್ತಿದ್ದರು.

ಇದು ನನ್ನೊಬ್ಬಳ ಮಾತಲ್ಲ. ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 8 ಸಾವಿರಕ್ಕೂ ಹೆಚ್ಚು ಹೈಸ್ಕೂಲು ಮಕ್ಕಳನ್ನು ಪರೀಕ್ಷೆ ಮಾಡಿ 1924ರಲ್ಲೇ ಇದನ್ನು ಬರೆದ. ಲ್ಯಾಟಿನ್ ಓದಿ ಮಕ್ಕಳು ಚುರುಕಾದರು ಎಂದು ಎಲ್ಲರೂ ನಂಬಿದ್ದರು. ಅವನು ಲೆಕ್ಕ ಹಾಕಿ ನೋಡಿದರೆ, ಮೊದಲೇ ಚುರುಕಾಗಿದ್ದವರು ಅದನ್ನು ಆರಿಸಿಕೊಂಡಿದ್ದರು. ಅಷ್ಟೇ. ಲುಡ್ವಿಗ್ ಹಾಗ್, ಎಲ್ಸ್‌ಬೆತ್ ಸ್ಟರ್ನ್ ಎಂಬ ಇಬ್ಬರು 2003ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಸ್ಪ್ಯಾನಿಶ್ ಕಲಿಯಲು ಬಂದ ಜರ್ಮನ್ ವಿದ್ಯಾರ್ಥಿಗಳಲ್ಲಿ ಕೆಲವರು ಶಾಲೆಯಲ್ಲಿ ಲ್ಯಾಟಿನ್ ಓದಿದವರು, ಕೆಲವರು ಫ್ರೆಂಚ್ ಓದಿದವರು. ‘ಎಲ್ಲಾ ಭಾಷೆಗಳ ತಾಯಿ’ ಲ್ಯಾಟಿನ್ ಓದಿದವರೇ ಗೆಲ್ಲಬೇಕಿತ್ತು, ಅಲ್ವಾ? ಗೆದ್ದವರು ಫ್ರೆಂಚ್‌ನವರು.

ಇನ್ನು ಎಸ್‌ಎಟಿಯ ಕಷ್ಟದ ಶಬ್ದಗಳ ವಿಷಯ. ಈ ಸಲಹೆ ಕೊಟ್ಟವರು ಬಹುಶಃ ಹಳೇ ಕಾಲದವರು. ಯಾರೂ ಬಳಸದ ಶಬ್ದಗಳನ್ನು ಕಂಠಪಾಠ ಮಾಡಿಸುವ ಚಾಳಿಯನ್ನು ಆ ಪರೀಕ್ಷೆಯವರು 2016ರಲ್ಲೇ ಬಿಟ್ಟರು. ಈಗ ವಾಕ್ಯದ ಸಂದರ್ಭ ನೋಡಿ ಅರ್ಥ ಹೇಳಬೇಕು. ಅದಕ್ಕೆ ಇಂಗ್ಲಿಷ್ ಪುಸ್ತಕ ಓದಿಸಿ, ಸಾಕು. ಹುಡುಗನಿಗೆ ಸೀಸರ್, ರೋಮ್, ಹಳೇ ಯುದ್ಧದ ಕಥೆಗಳ ಹುಚ್ಚಿದ್ದರೆ ಲ್ಯಾಟಿನ್ ಧಾರಾಳವಾಗಿ ತಗೊಳ್ಳಲಿ. ಮಾರ್ಕ್ಸಿಗೋಸ್ಕರ ಬೇಡ. ಎಸ್ಸೆಸ್ಸೆಲ್ಸಿಯಲ್ಲಿ 125 ಮಾರ್ಕ್ಸಿಗೆ ಸಂಸ್ಕೃತ ತಗೊಂಡು ಬಾಚಿಕೊಂಡವರು ನಮ್ಮಲ್ಲಿ ಎಷ್ಟಿಲ್ಲ! ಅವರಲ್ಲಿ ಎಷ್ಟು ಜನ ಇವತ್ತು ಒಂದು ಶ್ಲೋಕ ಬಿಡಿಸಿ ಹೇಳುತ್ತಾರೆ?

ಹಾಗಾದರೆ ಶಾಲೆಯವರು ಯಾಕೆ ಭಾಷೆಗೆ ಹಟ ಹಿಡಿಯುತ್ತಾರೆ? ಸ್ವಲ್ಪ ಹಳೇ ಅಭ್ಯಾಸ. ಜೆಸುಯಿಟ್ ಪಾದ್ರಿಗಳು 1599ರಲ್ಲಿ ಶಾಲೆಗಳಿಗೆ ಅಂತ ಪಠ್ಯಕ್ರಮ ಮಾಡಿದಾಗ ಅದರ ಬೆನ್ನೆಲುಬೇ ಲ್ಯಾಟಿನ್ ಆಗಿತ್ತು. 1960ರ ದಶಕದಲ್ಲಿ ಚರ್ಚಿನ ಪೂಜೆ ಲ್ಯಾಟಿನ್ ಬಿಟ್ಟು ಜನರ ಭಾಷೆಗೆ ಬಂತು. ಆಮೇಲೆ ಲ್ಯಾಟಿನ್ ಹಿಂದೆ ಸರಿಯಿತು, ಸ್ಪ್ಯಾನಿಶ್ ಮುಂದೆ ಬಂತು. ಹಟ ಮಾತ್ರ ಉಳಿಯಿತು.

ಆ ಹಟದಲ್ಲೇ ಲಾಭ ಇದೆ ಎನ್ನುವುದು ನನ್ನ ನಂಬಿಕೆ. ಬ್ರೈಕ್, ಲೀ, ಹಾಲಂಡ್ ಎಂಬ ಮೂವರು ಅಮೆರಿಕದ ಕ್ಯಾಥೊಲಿಕ್ ಹೈಸ್ಕೂಲುಗಳ ಬಗ್ಗೆ 1993ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. ಅವರು ಕಂಡದ್ದು ಇಷ್ಟು: ಈ ಶಾಲೆಗಳಲ್ಲಿ ಆಯ್ಕೆ ಕಮ್ಮಿ. ಜಾಣರಿಗೊಂದು, ದಡ್ಡರಿಗೊಂದು ಅಂತ ದಾರಿ ಬೇರೆ ಮಾಡುವುದು ಕಮ್ಮಿ. ಗಣಿತ, ವಿಜ್ಞಾನ, ಭಾಷೆ ಹೆಚ್ಚುಕಡಿಮೆ ಎಲ್ಲರಿಗೂ. ಅದರಿಂದ ಬಡವರ ಮನೆ ಮಕ್ಕಳಿಗೆ ಹೆಚ್ಚು ಉಪಕಾರವಾಯಿತು. ಆದರೆ ಕ್ಯಾಥೊಲಿಕ್ ಶಾಲೆ ಅಂದ ಮಾತ್ರಕ್ಕೆ ಅಂಕ ಏರುತ್ತದೆ ಅಂದುಕೊಳ್ಳಬೇಡಿ. 2005ರಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾಗ ಹೈಸ್ಕೂಲು ಮುಗಿಸುವವರು ಜಾಸ್ತಿ ಎನ್ನುವುದು ಗಟ್ಟಿಯಾಗಿ ನಿಂತಿತು. ಪರೀಕ್ಷೆಯ ಅಂಕ ಏರುತ್ತದೆ ಎನ್ನುವುದಕ್ಕೆ ಅಂಥ ಆಧಾರ ಸಿಗಲಿಲ್ಲ.

ನಾನು ಕಂಡದ್ದನ್ನು ಹೇಳುತ್ತೇನೆ. ಮೊದಲ ವರ್ಷ ಎಲ್ಲರಿಗೂ ಖುಷಿ. ಬಣ್ಣ, ಹಣ್ಣು, ವಾರದ ಹೆಸರು, ಎಲ್ಲರಿಗೂ ‘ಎ’. ಮೂರನೇ ವರ್ಷ ಸಬ್ಜಂಕ್ಟಿವ್ ಬರುತ್ತದೆ, ಅಂದರೆ ಆಸೆ, ಅನುಮಾನ, ಹಾರೈಕೆ ಹೇಳುವಾಗ ಕ್ರಿಯಾಪದದ ರೂಪವೇ ಬದಲಾಗುವುದು. ಅದುವರೆಗೆ ರಾತ್ರಿ ಕೂತು ಬಾಯಿಪಾಠ ಮಾಡಿ ತೇಲಿದವರು ಅಲ್ಲಿ ಮುಳುಗುತ್ತಾರೆ. ಫೆಬ್ರವರಿಯಲ್ಲಿ ಮುಂದಿನ ವರ್ಷದ ವಿಷಯ ಆರಿಸುವ ಫಾರ್ಮು ಕೊಡುತ್ತೇವೆ ನೋಡಿ, ಆಗ ಅಪ್ಪ ಅಮ್ಮಂದಿರ ಈಮೇಲು ಶುರು: ಭಾಷೆ ಬಿಡಿಸಬಹುದಾ? ನಮ್ಮ ಶಾಲೆಯಲ್ಲಿ ಬಿಡಿಸಲು ಆಗುತ್ತಿರಲಿಲ್ಲ. ಮಕ್ಕಳು ಗೊಣಗಿಕೊಂಡು ದಿನಾ ಸಂಜೆ ಇಪ್ಪತ್ತು ನಿಮಿಷ ಕೂರುವುದನ್ನು ಕಲಿತರು. ಆ ಕೂರುವ ಅಭ್ಯಾಸ ರಸಾಯನಶಾಸ್ತ್ರಕ್ಕೂ ಹೋಯಿತು. ಭಾಷೆಯಿಂದ ಓದು ಸುಧಾರಿಸುವುದು ಅಂತೇನಾದರೂ ಇದ್ದರೆ ಅದು ಇಷ್ಟೇ ಅಂತ ನನ್ನ ಲೆಕ್ಕ. ಅಳೆದು ತೋರಿಸು ಅಂದರೆ ತೋರಿಸಲಾರೆ.

ನಿಮ್ಮ ಮಗನಿಗೆ ಸ್ಪ್ಯಾನಿಶ್ ಅಂತ ನಾನು ಹೇಳುವುದಕ್ಕೆ ಬೇರೆ ಕಾರಣ ಇದೆ. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ ತಾನೇ? ‘ನನಗೆ ಕಾಫಿ ಇಷ್ಟ’ ಅನ್ನುವುದನ್ನು ಸ್ಪ್ಯಾನಿಶ್‌ನಲ್ಲಿ ‘ಮೆ ಗುಸ್ತಾ ಎಲ್ ಕಫೆ’ ಅಂತಾರೆ. ಅಲ್ಲೂ ‘ನಾನು’ ಅಲ್ಲ, ‘ನನಗೆ’. ಇಂಗ್ಲಿಷ್ ಮಾತ್ರ ಗೊತ್ತಿರುವ ಮಕ್ಕಳು ವರ್ಷವಿಡೀ ‘ಯೊ ಗುಸ್ತೊ’ ಅಂತ ತಪ್ಪುತ್ತಾ ಇರುತ್ತಾರೆ. ನಮ್ಮ ಮಕ್ಕಳಿಗೆ ಒಂದು ಸಲ ತೋರಿಸಿದರೆ ಸಾಕು. ಕರ್ತೃ ಬಿಟ್ಟು ‘ಹೋಗ್ತೀನಿ’ ಅಂದರೆ ನಮ್ಮಲ್ಲಿ ನಡೆಯುತ್ತದೆ, ಅಲ್ಲೂ ಬರೀ ‘ಬೊಯ್’ ಅಂದರೆ ನಡೆಯುತ್ತದೆ. ಅವರ ‘ತ’, ‘ದ’ ಕೂಡ ಹಲ್ಲಿಗೆ ತಾಗುವ ನಮ್ಮ ‘ತ’, ‘ದ’ಗಳೇ. ‘ನೀನು’ ಎನ್ನಲು ಮಿಕ್ಕ ಮಕ್ಕಳು ‘ಟೂ’ ಅನ್ನುವಾಗ ನಿಮ್ಮವನು ‘ತೂ’ ಅನ್ನುತ್ತಾನೆ. ಇಷ್ಟೆಲ್ಲ ಬಂಡವಾಳ ಇಟ್ಟುಕೊಂಡು ಬಿಡುವುದು ಯಾಕೆ? ಜೊತೆಗೆ ನ್ಯೂಜೆರ್ಸಿಯಲ್ಲಿ ಸ್ಪ್ಯಾನಿಶ್ ಮಾತಾಡುವವರು ಬೀದಿ ಬೀದಿಯಲ್ಲಿದ್ದಾರೆ. ಫ್ರೆಂಚ್ ಬಗ್ಗೆ ನನಗೆ ತಕರಾರಿಲ್ಲ, ಬರೆಯುವ ಅಕ್ಷರದಲ್ಲಿ ಅರ್ಧ ಉಚ್ಚಾರ ಮಾಡುವುದಿಲ್ಲ ಅನ್ನುವುದೊಂದು ಬಿಟ್ಟರೆ.

ಕಡ್ಡಾಯದ ಮೂರು ವರ್ಷ ಮುಗಿದ ಕೂಡಲೇ ಬಿಡುವ ಯೋಚನೆ ಮಾತ್ರ ಬೇಡ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಸ್ಪ್ಯಾನಿಶ್ ಕಲಿಸಲು ಸುಮಾರು ಆರೇಳು ನೂರು ಗಂಟೆ ಪಾಠ ಬೇಕು ಅನ್ನುತ್ತದೆ. ದಿನಕ್ಕೆ 45 ನಿಮಿಷ, ವರ್ಷಕ್ಕೆ 180 ದಿನ ಅಂದರೆ ವರ್ಷಕ್ಕೆ 135 ಗಂಟೆ. ನಾಲ್ಕು ವರ್ಷಕ್ಕೆ 540. ಎರಡೇ ವರ್ಷಕ್ಕೆ ಬಿಟ್ಟವನಿಗೆ ಹೋಟೆಲಿನಲ್ಲಿ ನೀರು ಕೇಳುವಷ್ಟು ಬರುತ್ತದೆ, ಕಾಲೇಜಿಗೆ ಹೋಗುವಷ್ಟರಲ್ಲಿ ಅದೂ ಹೋಗುತ್ತದೆ. ಕಾಲೇಜಿನವರೂ ಇದನ್ನು ನೋಡುತ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಎರಡು ವರ್ಷ ಕಡ್ಡಾಯ, ಮೂರು ವರ್ಷ ಇದ್ದರೆ ಒಳ್ಳೆಯದು ಅನ್ನುತ್ತಾರೆ. ಹಾರ್ವರ್ಡ್‌ನವರು ಒಂದೇ ಭಾಷೆ ನಾಲ್ಕು ವರ್ಷ ಓದಿ ಬನ್ನಿ ಅಂತಾರೆ.

ಮಗನ ಮಾತಿಗೂ ಬೆಲೆ ಇದೆ, ಸುಮ್ನೆ ತಳ್ಳಿಹಾಕಬೇಡಿ. ಕ್ಯಾಥೊಲಿಕ್ ಶಾಲೆಯ ವೇಳಾಪಟ್ಟಿ ಬಿಗಿ. ನಮ್ಮಲ್ಲಿ ಏಳು ಪಿರಿಯಡ್. ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ, ಧರ್ಮಶಾಸ್ತ್ರ, ಭಾಷೆ ಸೇರಿದರೆ ಆರು. ಉಳಿದ ಒಂದರಲ್ಲಿ ಚಿತ್ರಕಲೆ, ಸಂಗೀತ, ವ್ಯಾಯಾಮ, ಕಂಪ್ಯೂಟರ್ ಎಲ್ಲ ಜಗಳಕ್ಕೆ ಬೀಳುತ್ತವೆ. ವ್ಯಾಯಾಮ, ಚಿತ್ರಕಲೆಯನ್ನು ಬೇಸಿಗೆಯಲ್ಲಿ ಮುಗಿಸಲು ಬಿಡುತ್ತೀರಾ ಎಂದು ಶಾಲೆಯವರನ್ನು ಈಗಲೇ ಕೇಳಿ. ಬಿಟ್ಟರೆ ಕಂಪ್ಯೂಟರಿಗೆ ಜಾಗ ಆಗುತ್ತದೆ. ಜಿಪಿಎ ಭಯ ಇದ್ದರೆ ಮೊದಲ ವರ್ಷ ಆನರ್ಸ್ (ಹೆಚ್ಚು ಕಷ್ಟದ ಮಟ್ಟದ ಕ್ಲಾಸು) ಬೇಡ, ಸಾದಾ ಕ್ಲಾಸಿನಲ್ಲಿ ಕೂರಲಿ. ಚೆನ್ನಾಗಿ ಬಂದರೆ ಎರಡನೇ ವರ್ಷ ಆನರ್ಸಿಗೆ ಹೋಗಬಹುದು. ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಯಲ್ಲಿ ಐದಕ್ಕೆ 4 ಅಥವಾ 5 ಬಂದರೆ ಅನೇಕ ಕಾಲೇಜುಗಳಲ್ಲಿ ಮತ್ತೆ ಭಾಷೆ ಓದುವ ಕಾಟವೂ ತಪ್ಪುತ್ತದೆ.

ಪ್ರಶ್ನೆ: ನಾವು ಮನೆಯಲ್ಲಿ ದಿನಾ ಪೂಜೆ ಪುನಸ್ಕಾರ ಮಾಡುವವರು. ಕ್ಯಾಥೊಲಿಕ್ ಶಾಲೆಯಲ್ಲಿ ಲ್ಯಾಟಿನ್ ತಗೊಂಡರೆ ಮಗಳಿಗೆ ಪ್ರಾರ್ಥನೆ ಕಲಿಸುತ್ತಾರಾ?
- ಒಬ್ಬ ತಂದೆ, ಚಿಕಾಗೊ

ಉತ್ತರ: ಲ್ಯಾಟಿನ್ ಕ್ಲಾಸಿನಲ್ಲಿ ಸಾಮಾನ್ಯವಾಗಿ ಓದಿಸುವುದು ಸೀಸರ್, ವರ್ಜಿಲ್, ಒವಿಡ್ ಎಂಬ ಹಳೇ ರೋಮನ್ ಲೇಖಕರನ್ನು, ಪ್ರಾರ್ಥನೆಯನ್ನಲ್ಲ. ವರ್ಜಿಲ್ ಸತ್ತಿದ್ದು ಕ್ರಿಸ್ತಪೂರ್ವ 19ರಲ್ಲಿ! ಅವನ ಕಾವ್ಯದ ತುಂಬ ಜೂನೊ, ವೀನಸ್, ಜುಪಿಟರ್. ನಮ್ಮ ದೇವಲೋಕದ ಜಗಳ ಗೊತ್ತಿರುವ ಹುಡುಗಿಗೆ ಏನೂ ಹೊಸದನಿಸುವುದಿಲ್ಲ. ಚರ್ಚಿನ ಲ್ಯಾಟಿನ್‌ಗಿಂತ ಉಚ್ಚಾರಣೆಯೂ ಬೇರೆ. ನಮ್ಮ ಶಾಲೆಯ ಪ್ರಾರ್ಥನಾ ಮಂದಿರದಲ್ಲಿ ‘ಚೇಲಿ’ ಅಂತ ಹಾಡಿದ ಮಕ್ಕಳೇ ಮುಂದಿನ ಪಿರಿಯಡ್‌ನಲ್ಲಿ ಅದೇ ಶಬ್ದಕ್ಕೆ ‘ಕೈಲಿ’ ಅನ್ನಬೇಕಿತ್ತು.

ನೀವು ಯೋಚಿಸಬೇಕಾದ್ದು ಧರ್ಮಶಾಸ್ತ್ರದ ವಿಷಯ. ಅದು ಸಾಮಾನ್ಯವಾಗಿ ನಾಲ್ಕೂ ವರ್ಷ ಕಡ್ಡಾಯ, ಬೇರೆ ಧರ್ಮದವರಿಗೂ. ಅದರ ಗ್ರೇಡು ಜಿಪಿಎಗೆ ಸೇರುತ್ತದೆ. ನಮ್ಮಲ್ಲಿ ಹಿಂದೂ, ಮುಸ್ಲಿಂ ಮಕ್ಕಳೂ ಅದರಲ್ಲಿ ಒಳ್ಳೇ ಅಂಕ ತೆಗೆಯುತ್ತಿದ್ದರು, ಪಾಠ ಅಂತ ಓದಿದರು ಅಷ್ಟೇ. ಅದು ಬೇಡವೇ ಬೇಡ ಅನ್ನುವುದಾದರೆ ಶಾಲೆಯನ್ನೇ ಬದಲಾಯಿಸಬೇಕು, ಭಾಷೆಯನ್ನಲ್ಲ.

ಪ್ರಶ್ನೆ: ಮಗಳು ಭಾನುವಾರದ ಕನ್ನಡ ಶಾಲೆಗೆ ಹೋಗುತ್ತಾಳೆ. ಅದನ್ನೇ ಹೈಸ್ಕೂಲಿನಲ್ಲಿ ವಿದೇಶಿ ಭಾಷೆ ಅಂತ ತೋರಿಸಬಹುದಾ?
- ಕನ್ನಡ ಕೂಟದ ಸದಸ್ಯೆ, ಕ್ಯಾಲಿಫೋರ್ನಿಯಾ

ಉತ್ತರ: ಸರ್ಕಾರಿ ಶಾಲೆಯಾದರೆ ನಿಮ್ಮ ಜಿಲ್ಲೆಯ ನಿಯಮ ನೋಡಬೇಕು. ಕ್ಯಾಥೊಲಿಕ್ ಶಾಲೆ ಖಾಸಗಿ, ಒಪ್ಪುವುದು ಬಿಡುವುದು ಅವರಿಷ್ಟ. ಇನ್ನೊಂದು ದಾರಿ ದ್ವಿಭಾಷಾ ಮುದ್ರೆ. ಎರಡು ಭಾಷೆ ಚೆನ್ನಾಗಿ ಬಲ್ಲ ಮಕ್ಕಳ ಹೈಸ್ಕೂಲು ಡಿಪ್ಲೊಮಾ ಮೇಲೆ ಹಾಕುವ ಮುದ್ರೆ ಇದು. 2011ರಲ್ಲಿ ಕಾನೂನು ಮಾಡಿ ಶುರು ಮಾಡಿದ್ದು ನಿಮ್ಮ ಕ್ಯಾಲಿಫೋರ್ನಿಯಾದವರೇ. ಆಮೇಲೆ ಬೇರೆ ರಾಜ್ಯಗಳಿಗೂ ಹಬ್ಬಿತು. ಖಾಸಗಿ ಶಾಲೆಯ ಮಕ್ಕಳಿಗೆ ಕೊಡುವ ವಿಷಯದಲ್ಲಿ ಒಂದೊಂದು ರಾಜ್ಯದ್ದು ಒಂದೊಂದು ನಿಯಮ.

ಒಂದು ಎಚ್ಚರಿಕೆ. ಈ ಮುದ್ರೆಗಾಗಿ ಬರೆಯುವ ಪರೀಕ್ಷೆಗಳಲ್ಲಿ ಮಾತು ಒಂದೇ ಸಾಲದು, ಓದಬೇಕು, ಬರೆಯಬೇಕು. ಅಜ್ಜಿ ಜೊತೆ ಪಟಪಟ ಮಾತಾಡುವ ಮಕ್ಕಳು ಒತ್ತಕ್ಷರ ಬಂದ ಕೂಡಲೇ ಪೆನ್ನು ಕೆಳಗಿಡುವುದನ್ನು ಬೇಕಾದಷ್ಟು ನೋಡಿದ್ದೇನೆ. ದಿನಾ ಒಂದು ಪುಟ ಬರೆಸಿ. ಶಾಲೆಯ ಕೌನ್ಸೆಲರ್ ಹತ್ತಿರ ಏನೇ ಕೇಳಿದರೂ ಈಮೇಲಿನಲ್ಲೇ ಕೇಳಿ, ಉತ್ತರ ಜೋಪಾನವಾಗಿ ಇಟ್ಟುಕೊಳ್ಳಿ. ಮಗಳು ಹನ್ನೆರಡನೇ ಕ್ಲಾಸಿಗೆ ಬರುವಷ್ಟರಲ್ಲಿ ಕೌನ್ಸೆಲರ್ ಬದಲಾಗಿರುತ್ತಾರೆ.